ಮೂರು ತಿಂಗಳ ಪಥ್ಯ

ನನಗೆ ಸೂಜಿಯ ಭಯವಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ನನ್ನ ಭಯವೆಲ್ಲ ಚುಚ್ಚಿದ ಮೇಲಿನ ಪಥ್ಯದ್ದು. ನಾಯಿ ಕಚ್ಚಿ ಇಂಜೆಕ್ಷನ್ ಹಾಕಿಸಿಕೊಂಡವನು ಮೂರು ತಿಂಗಳು ಗುಂಡು ಹಾಕಬಾರದು, ಹಾಕಿದರೆ ಮದ್ದು ತಲೆಗೇರುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾರು ಹೇಳಿದ್ದೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಕೊಡಗಿನಲ್ಲಿ ಹುಟ್ಟಿದ ಗಂಡಸಿಗೆ ಮೂರು ತಿಂಗಳೆಂದರೆ ಎಷ್ಟು ಮದುವೆ, ಎಷ್ಟು ನಾಮಕರಣ, ಎಷ್ಟು ಹಬ್ಬ ಎಂದು ಹೊರಗಿನವರಿಗೆ ವಿವರಿಸುವುದು ಕಷ್ಟ.

ಕಚ್ಚಿದ್ದು ದೊಡ್ಡ ನಾಯಿಯೂ ಅಲ್ಲ. ಅಮ್ಮತ್ತಿ ಪೇಟೆಯಿಂದ ಬರುವಾಗ ರಸ್ತೆ ಬದಿಯಲ್ಲಿ ಕುಂಯ್‌ಗುಡುತ್ತಿದ್ದ ಒಂದು ಮರಿಯನ್ನು ಜೀಪಿಗೆ ಹಾಕಿಕೊಂಡು ಬಂದೆ. ಹಾಲು ಇಟ್ಟೆ. ಅದು ಹಾಲು ಬಿಟ್ಟು ನನ್ನ ಹೆಬ್ಬೆರಳಿಗೆ ಬಾಯಿ ಹಾಕಿತು. ಎರಡು ಸಣ್ಣ ತೂತು, ಒಂದಿಷ್ಟು ರಕ್ತ. ನನ್ನ ಹೆಂಡತಿ ಗಿರಿಜೆ ಸೋಪು ಹಚ್ಚಿ, ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ಹಿಡಿಸಿದಳು. "ಈಗಲೇ ಆಸ್ಪತ್ರೆಗೆ ಹೋಗುವ. ಇದು ಮನೆ ನಾಯಿ ಅಲ್ಲ" ಅಂದಳು. "ಭಾನುವಾರ ಒಂದು ಕಳೀಲಿ" ಅಂದೆ.

ಭಾನುವಾರ ಬಾಳೆಲೆಯಲ್ಲಿ ನನ್ನ ಅಕ್ಕನ ಮಗನ ಮದುವೆ. ಅಲ್ಲಿ ನನಗೆ ವಹಿಸಿದ್ದು ಗುಂಡಿನ ಕೌಂಟರ್. ಯಾರಿಗೆ ಎಷ್ಟು ಹಾಕಬೇಕು, ಯಾರಿಗೆ ಸಾಕು ಎನ್ನಬೇಕು, ಯಾವ ಬಾವನನ್ನು ಯಾವ ಬಾವನಿಂದ ದೂರ ನಿಲ್ಲಿಸಬೇಕು ಎಂಬುದೆಲ್ಲ ನನ್ನ ಜವಾಬ್ದಾರಿ. ಕುಡಿಯದವನು ಆ ಕೌಂಟರಿನಲ್ಲಿ ನಿಂತರೆ, ತಾನು ಮಾಡಿದ್ದನ್ನು ತಾನೇ ಉಣ್ಣದ ಅಡುಗೆಯವನನ್ನು ನೋಡಿದ ಹಾಗೆ ಜನ ನೋಡುತ್ತಾರೆ. ಈ ಆಯುಷ್ಯದಲ್ಲಿ ನಾನು ಗಳಿಸಿದ ಸಾರ್ವಜನಿಕ ಸ್ಥಾನವೆಂದರೆ ಅದೊಂದೇ.

ಮನುಷ್ಯನ ಲೆಕ್ಕಾಚಾರವೇ ವಿಚಿತ್ರ. ಮಳೆಗೆ ಮೊದಲು ಕಾಫಿ ಗಿಡಗಳಿಗೆ ಬೋರ್ಡೋ ಮದ್ದು ಹೊಡೆಸುತ್ತೇನೆ, ಒಂದೆಲೆಯಲ್ಲೂ ರೋಗ ಕಾಣಿಸದ ಹೊತ್ತಿನಲ್ಲೇ. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸುವುದಿಲ್ಲ. ಅವುಗಳ ಅಭಿಪ್ರಾಯ ಕೇಳಿದವನಲ್ಲ; ಕೇಳಿದ್ದರೆ ಹಸುವೂ ಭಾನುವಾರ ಕಳೀಲಿ ಅನ್ನುತ್ತಿತ್ತೋ ಏನೋ. ನನ್ನ ತೋಳಿನ ಮೇಲೆ ಗುಂಡನೆಯ ಒಂದು ಹಳೆಯ ಕಲೆ ಇದೆ. ಅದು 'ದೇವಿ ಹಾಕಿಸಿದ್ದು' ಎನ್ನುತ್ತಿದ್ದರು ನಮ್ಮಜ್ಜಿ. ಸಿಡುಬಿಗೂ ಅದನ್ನು ತಡೆಯುವ ಮದ್ದಿಗೂ ಒಂದೇ ಹೆಸರಿಟ್ಟು, ಎರಡಕ್ಕೂ ಕೈಮುಗಿದು, ಎರಡರಿಂದಲೂ ತಪ್ಪಿಸಿಕೊಳ್ಳಲು ನೋಡುತ್ತಿದ್ದ ಕಾಲ ಅದು. ದೇವಿ ಹಾಕುವವರು ಊರಿಗೆ ಬಂದರೆಂದರೆ ಮಕ್ಕಳನ್ನು ಭತ್ತ ತುಂಬಿಡುವ ಪತ್ತಾಯದ ಹಿಂದೆ ಅಡಗಿಸುತ್ತಿದ್ದರಂತೆ. ಕೊರೊನಾ ಲಸಿಕೆ ಬಂದಾಗ ಅದೇ ಅಡಗಾಟ ಮೊಬೈಲಿನಲ್ಲಿ ನಡೆಯಿತು. ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲವೆಂದು ಓದಿ, ಎಪ್ಪತ್ತು ದಾಟಿದ ನಮ್ಮ ದೊಡ್ಡಪ್ಪ ಹೆದರಿ ಮನೆಯಲ್ಲೇ ಕೂತಿದ್ದರು. ನಾನು ಆಗ ಅವರನ್ನು ನೋಡಿ ಹೊಟ್ಟೆ ತುಂಬ ನಕ್ಕಿದ್ದೆ.

ಈಗ ನಾನೇ ಮರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಮುಖ ನೋಡುತ್ತ, ಚೆನ್ನಾಗಿಯೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದೂ ನನ್ನ ಮುಖವನ್ನೇ ನೋಡುತ್ತಿತ್ತು. ಮೂರನೆಯ ದಿನ ಬೆಳಗ್ಗೆ ಅದು ಹಾಲು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಣೆಯಾಯಿತು. ತೋಟವೆಲ್ಲ ಹುಡುಕಿದೆವು. ಇವತ್ತಿಗೂ ಸಿಕ್ಕಿಲ್ಲ.

ಆಗ ಹೆದರಿದೆ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆಗೋಸ್ಕರ ಗೊತ್ತಿಲ್ಲದವನಂತೆ ಇದ್ದೆ, ಅಷ್ಟೆ. ನೀರು ಕುಡಿಯಲು ಹೋದರೆ ಗಂಟಲಲ್ಲಿ ಏನೋ ಅಡ್ಡ ಬಂದಂತಾಗಿ ಲೋಟ ಕೆಳಗಿಟ್ಟೆ. ಗಿರಿಜೆ ಜೀಪಿನ ಕೀ ತಂದು ಕೈಯಲ್ಲಿಟ್ಟಳು.

ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ತಡ ಮಾಡಿದ್ದಕ್ಕೆ ಮೊದಲು ಬೈದರು. ಹೊಕ್ಕುಳ ಸುತ್ತ ಚುಚ್ಚುತ್ತಾರೆಂದು ನಾನು ಅಂಗಿ ಎತ್ತಿಕೊಂಡು ನಿಂತಿದ್ದೆ. "ಅದೆಲ್ಲ ಹಳೇ ಕಾಲ. ತೋಳು ಕೊಡಿ" ಅಂದರು. ಕಚ್ಚಿದ ಬೆರಳಿಗೂ ಒಂದು ಮದ್ದು ಹಾಕಿದರು. ಅದು ನಿಜಕ್ಕೂ ನೋಯಿತು. ಎಲ್ಲ ಮುಗಿದ ಮೇಲೆ ಮೂರು ತಿಂಗಳ ಮಾತು ಎತ್ತಿದೆ.

"ಯಾರು ಹೇಳಿದ್ದು ನಿಮಗೆ?" ಅಂದರು. "ಇದಕ್ಕೆ ಅಂಥ ಪಥ್ಯ ಏನೂ ಇಲ್ಲ. ಕುಡೀರಿ ಅಂತ ನಾನು ಹೇಳೋದಿಲ್ಲ. ಆದರೆ ಕುಡಿಯೋದಕ್ಕಾಗಿ ಇಂಜೆಕ್ಷನ್ ಬಿಡಬೇಡಿ."

ನಾನು ಗಿರಿಜೆಯತ್ತ ತಿರುಗಿದೆ. ಅವಳಿಗೂ ಆಶ್ಚರ್ಯವಾಗಬೇಕಿತ್ತು. ಅವಳು ಗೋಡೆಯ ಮೇಲಿದ್ದ ಸೊಳ್ಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ವಾಪಸು ಬರುವಾಗ ದಾರಿಯಲ್ಲಿ ಬಾಯಿ ಬಿಟ್ಟಳು. "ನಂಗೆ ಗೊತ್ತಿತ್ತು. ತಂಗಿಗೆ ಬೆಕ್ಕು ಕಚ್ಚಿದಾಗ ನರ್ಸ್ ಹೇಳಿದ್ರು, ಪಥ್ಯ ಎಂತದೂ ಇಲ್ಲ ಅಂತ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಮೂರು ತಿಂಗಳು ಹೊತ್ತಿಗೆ ಸರಿಯಾಗಿ ಒಟ್ಟಿಗೆ ಊಟ ಮಾಡ್ಬಹುದಲ್ಲ ಅಂತ ಆಸೆ ಆಯ್ತು. ನೀವು ನೋಡಿದ್ರೆ ಇಂಜೆಕ್ಷನ್ನೇ ಬೇಡ ಅಂತ ಕೂತ್ರಿ. ನಂಗೆ ನಿದ್ದೆಯೇ ಬರ್ಲಿಲ್ಲ. ಇವತ್ತು ಹೊರಡದಿದ್ರೆ ಹೇಳಿಬಿಡ್ತಿದ್ದೆ."

ನಾನು ಕುಡಿದು ಗಲಾಟೆ ಮಾಡುವವನಲ್ಲ. ಹೇಳಿದ್ದನ್ನೇ ಹೇಳುತ್ತೇನೆ, ಒಂದೆರಡು ಹಾಡು ಹಾಡುತ್ತೇನೆ, ಬಡಿಸಿದ ಅನ್ನ ಆರಿ ತಣ್ಣಗಾಗುವವರೆಗೆ ಕೂತಿರುತ್ತೇನೆ. ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದು ತಿಳಿದಿದ್ದೆ. ಆ ತಣ್ಣಗಾದ ಅನ್ನದ ಎದುರು ಇನ್ನೊಬ್ಬರೂ ಕಾದು ಕೂತಿರುತ್ತಾರೆ ಎಂಬುದು ಅವತ್ತು ಜೀಪಿನಲ್ಲಿ ಹೊಳೆಯಿತು. ನನಗೆ ನಾಚಿಕೆಯಾಯಿತು.

ಗಾಳಿಮಾತು ಅಜ್ಞಾನದಿಂದ ಬದುಕುತ್ತದೆ ಎಂದು ನಾವು ಭಾಷಣ ಮಾಡುತ್ತೇವೆ. ಯಾರಿಗೋ ಅದು ಬೇಕಾಗಿರುವುದರಿಂದಲೂ ಬದುಕುತ್ತದೆ. ಅಪ್ಪನಿಗೆ ನಾಯಿ ಕಚ್ಚಿದ ವರ್ಷವನ್ನು ನಮ್ಮಮ್ಮ ಕೊನೆಯವರೆಗೂ ಏನೋ ಒಂಥರಾ ಪ್ರೀತಿಯಿಂದ ನೆನೆಯುತ್ತಿದ್ದರು. ಹೆಂಗಸರು ಈ ಪಥ್ಯವನ್ನು ಜೋಪಾನ ಮಾಡಿದರು. ಗಂಡಸರು ಪಥ್ಯಕ್ಕೆ ಹೆದರಿ ಲಸಿಕೆಗೇ ಬೆನ್ನು ಹಾಕಿದರು. ಸುಳ್ಳು ಸಣ್ಣದೇ, ಹೇಳಿದವರ ಕಷ್ಟವೂ ನಿಜವೇ, ಆದರೆ ನಡುವೆ ಒಂದು ಜೀವ ಹೋಗಬಹುದಿತ್ತು.

ಮದುವೆಯ ದಿನ ಕೌಂಟರಿನಲ್ಲಿ ನಿಂತೆ, ಕೈಯಲ್ಲಿ ಲಿಂಬೆ ಶರಬತ್ತು. ಕುಟ್ಟದಲ್ಲಿರುವ ಚಿಕ್ಕಪ್ಪನ ಮಗ ಪೂವಯ್ಯ ಹತ್ತಿರ ಬಂದು ಅಂಗಿಯ ತೋಳು ಮೇಲೆ ಸರಿಸಿದ. ಮಣಿಕಟ್ಟಿನ ಹತ್ತಿರ ಹಲ್ಲಿನ ಗುರುತು. "ಅಣ್ಣ, ಮೊನ್ನೆ ಬೀದಿ ನಾಯಿ ಕಚ್ಚಿತು. ಮೂರು ತಿಂಗಳು ಬಿಡ್ಬೇಕಲ್ಲ, ಮದುವೆ ಸೀಸನ್ ಮುಗಿಸಿ ಇಂಜೆಕ್ಷನ್‌ಗೆ ಹೋಗ್ತೇನೆ" ಅಂದ.

ಗಿರಿಜೆ ಪಕ್ಕದ ಬೆಂಚಿನಲ್ಲೇ ನಾಲ್ಕೈದು ಹೆಂಗಸರ ಜೊತೆ ಕೂತಿದ್ದಳು. ಎಲ್ಲರೂ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಅವರೆಲ್ಲ ಜೋಪಾನ ಮಾಡಿದ ಆಸ್ತಿಗೆ ಕೈ ಹಾಕುತ್ತಿದ್ದೇನೆ ಅನ್ನಿಸಿತು.

"ಒಂದು ದಿನವೂ ಬಿಡ್ಬೇಕಾಗಿಲ್ಲ. ಮೂರು ತಿಂಗಳು ಅನ್ನೋದು ಸುಳ್ಳು. ನಾಳೆಗೆ ಇಡ್ಬೇಡ, ಈಗಲೇ ಹೋಗು. ನನ್ನ ಜೀಪ್ ತಗೊ" ಅಂದೆ. ಗಿರಿಜೆ ತಲೆ ತಗ್ಗಿಸಿ ಮೆಲ್ಲಗೆ ಹೂಂ ಅಂದಳು.

ಪೂವಯ್ಯ ಕೀ ತೆಗೆದುಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ನನ್ನ ಲೋಟ ನೋಡಿದ. "ಹಾಗಾದ್ರೆ ನೀವ್ಯಾಕೆ ಅಣ್ಣ ಶರಬತ್ತು?"

"ನನಗೆ ಹೇಳಿದ್ದು ಬೇರೆ ಡಾಕ್ಟರು" ಅಂದೆ.

ಪೂವಯ್ಯನೂ ನಾನೂ ಎಲ್ಲ ಸೂಜಿ ಮುಗಿಸಿದ್ದೇವೆ. ನನ್ನ ಮೂರು ತಿಂಗಳು ಮಾತ್ರ ಇನ್ನೂ ಮುಗಿದಿಲ್ಲ. ಯಾವತ್ತು ಮುಗಿಯುತ್ತದೆಂದು ಗಿರಿಜೆ ಹೇಳಿಲ್ಲ, ನಾನೂ ಕೇಳಿಲ್ಲ. ಅನ್ನ ಮಾತ್ರ ದಿನಾ ಬಿಸಿಯಾಗಿರುತ್ತದೆ.