ಹಾರಬೇಡಿ, ಕೂತ್ಕೊಳ್ಳಿ

ನಮ್ಮ ಮನೆಯಲ್ಲಿ ಬೈಗುಳ ಆಡಿದರೂ ಅಪ್ಪ ಸಹಿಸಿಕೊಳ್ಳುತ್ತಿದ್ದ, 'ಜಂಪ್' ಅಂದರೆ ಮಾತ್ರ ಕಣ್ಣು ಕೆಂಪಗಾಗುತ್ತಿತ್ತು. ಊರಿಗೆಲ್ಲ ಅದು ಸಲೀಸಾದ ಪದ. ಸಿಗ್ನಲ್ ಜಂಪ್ ಮಾಡುತ್ತಾರೆ, ಕೆಲಸದಿಂದ ಕೆಲಸಕ್ಕೆ ಜಂಪ್ ಮಾಡುತ್ತಾರೆ, ಬ್ಯಾಟರಿ ಸತ್ತರೆ ಪಕ್ಕದ ಗಾಡಿಯಿಂದ ಜಂಪ್ ಕೊಡುತ್ತಾರೆ. ಅಪ್ಪನ ಪ್ರಕಾರ ಇದೆಲ್ಲ ಶುದ್ಧ ಸೋಮಾರಿತನ.

"ಕಪ್ಪೆ ಕುಪ್ಪಳಿಸುತ್ತೆ, ಮೇಕೆ ನೆಗೆಯುತ್ತೆ, ಈಜೋನು ಧುಮುಕ್ತಾನೆ, ಹಕ್ಕಿ ಹಾರುತ್ತೆ. ಎಲ್ಲಾನೂ ಒಂದೇ ಚೀಲಕ್ಕೆ ತುರುಕಿದ್ರೆ ಹೇಗೆ?"

"ನಿಮಗೆ ಬೇರೆ ಕೆಲಸ ಇಲ್ವೇನ್ರೀ?" ಎಂದು ಅಮ್ಮ ಗೊಣಗುತ್ತಿದ್ದಳು.

ಅಪ್ಪನ ಕೆಲಸವೇ ಅದಾಗಿತ್ತು. ಅಗ್ನಿಶಾಮಕ ದಳದಲ್ಲಿ ಒಂದು ಗಾಡಿಯ ತಂಡಕ್ಕೆ ಅವನು ಹಿರಿಯ. ಮೆಟ್ಟಿಲಿಗೆ ಬೆಂಕಿ ಹೊತ್ತಿಕೊಂಡು, ಏಣಿ ಹಾಕಲೂ ಆಗದಿದ್ದರೆ ತಂಡದವರು ಕಿಟಕಿಯ ಕೆಳಗೆ ಒಂದು ದಪ್ಪ ಬಟ್ಟೆಯನ್ನು ಸುತ್ತಲೂ ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ. ಎಲ್ಲರ ಬಾಯಲ್ಲಿ ಅದು ಜಂಪಿಂಗ್ ಶೀಟ್. ಅಪ್ಪನಿಗೆ ಬರೀ ಬಟ್ಟೆ.

"ಹಾರಿ ಅಂದ್ರೆ ಜನ ಇರೋ ಬಲವೆಲ್ಲ ಹಾಕಿ ದೂರಕ್ಕೆ ಚಿಮ್ತಾರೆ. ಬಟ್ಟೆ ಇರೋದು ಗೋಡೆ ಹತ್ರ. ಕೆಳಗೆ ಕುರ್ಚಿ ಇದೆ ಅಂದ್ಕೊಂಡು ಕೂತ್ಕೊಳ್ಳಿ ಅನ್ಬೇಕು."

ತಂಡದವರು ಅವನಿಗೆ 'ಕೂರಪ್ಪ' ಎಂದೇ ಹೆಸರಿಟ್ಟರು. ನಗಲಿ ಬಿಡಿ. ಅವನು ಹೇಳಿದಂತೆ ಕೂತವರಲ್ಲಿ ಒಬ್ಬರೂ ಬಟ್ಟೆಯಾಚೆ ಬಿದ್ದಿಲ್ಲ. ಇದನ್ನು ಬೀಗಿಕೊಂಡೇ ಹೇಳುತ್ತೇನೆ, ಯಾರಿಗೆ ಹೊಟ್ಟೆ ಉರಿದರೂ ಸರಿ.

ಓರಗೆಯ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರೆ ನಾನು ಮೇಜಿನ ಮೇಲಿಂದ ಹಾಸಿಗೆಗೆ ಕೂರಬೇಕಿತ್ತು. "ಕೈ ಎದೆ ಮೇಲೆ, ಕಾಲು ಮುಂದೆ, ಕೂತ್ಕೋ!" ಗೆಳತಿಯರು ಕಿಟಕಿಯಲ್ಲಿ ಇಣುಕಿ ಕಿಸಕ್ಕೆನ್ನುತ್ತಿದ್ದರು. ನನಗೆ ನಾಚಿಕೆಯಿಂದ ಸತ್ತುಹೋಗುವಂತಾಗುತ್ತಿತ್ತು.

ದೊಡ್ಡವಳಾಗಿ ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯೊಂದಕ್ಕೆ ಸೇರಿದೆ. ಇಕ್ಕಟ್ಟಾದ ಗಲ್ಲಿ, ಎರಡನೇ ಮಹಡಿ. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದಾಗ ನಾನೊಬ್ಬಳೇ ಹೊಲಿದ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ. ಕೆಳಗಿನ ಕಾಗದದ ಗೋದಾಮಿಗೆ ಬೆಂಕಿ ಬಿತ್ತು. ಬಾಗಿಲು ತೆರೆದರೆ ಮೆಟ್ಟಿಲ ತುಂಬ ಹೊಗೆ. ಕೆಮ್ಮುತ್ತ ಕಿಟಕಿಗೆ ಓಡಿ, ಅಗ್ನಿಶಾಮಕ ದಳ ಬರುವವರೆಗೂ ಕೂಗುತ್ತ ನಿಂತೆ.

ಏಣಿಯ ಗಾಡಿ ಗಲ್ಲಿಯೊಳಗೆ ಬರಲಾಗದೆ ತುದಿಯಲ್ಲೇ ನಿಂತಿತ್ತು. ಕಿಟಕಿಯ ಕೆಳಗೆ ಬಟ್ಟೆ ಹಿಡಿದವರ ನಡುವೆ ಅಪ್ಪ ಇದ್ದ. ತಲೆಯೆತ್ತಿದ. ಕಿಟಕಿಯಲ್ಲಿರುವುದು ನಾನು ಎಂದು ತಿಳಿದದ್ದೇ ಮುಖ ಬಿಳಿಚಿಕೊಂಡಿತು. ಜೀವಮಾನದ ಪಾಠವೆಲ್ಲ ಮರೆತು ಗಂಟಲು ಹರಿಯುವಂತೆ ಕೂಗಿದ.

"ಹಾರು ಮಗಳೇ! ಹಾರು! ಜಂಪ್!"

ಆ ಹೊಗೆಯ ನಡುವೆಯೂ ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ನನ್ನ ತಲೆ ತಿಂದು, ಈಗ ಇದಾ?

"ಹಾರಲ್ಲ ಅಪ್ಪಾ! ಕೂತ್ಕೊಳ್ತೀನಿ!"

ಕಿಟಕಿಯ ಅಂಚಿಗೆ ಬಂದು, ಕೈ ಎದೆಯ ಮೇಲೆ, ಕಾಲು ಮುಂದೆ ಮಾಡಿ, ಇಲ್ಲದ ಕುರ್ಚಿಯಲ್ಲಿ ಕೂತುಬಿಟ್ಟೆ.

ಬಟ್ಟೆಯ ನಟ್ಟನಡುವೆ ಬಿದ್ದೆ. ಎಲ್ಲರೂ ಬಟ್ಟೆ ಇಳಿಸಿದರೂ ಅಪ್ಪ ಬಿಡಲಿಲ್ಲ, ಅವನ ಬೆರಳುಗಳನ್ನು ತಂಡದವರೇ ಬಿಡಿಸಬೇಕಾಯಿತು. "ಇನ್ಮೇಲೆ ಕೂರಪ್ಪ ನೀವಲ್ಲ, ನಿಮ್ಮ ಮಗಳು," ಎಂದು ಯಾರೋ ನಕ್ಕರು. ಅಪ್ಪ ನನ್ನ ಕೈ ಹಿಡಿದು ಎಬ್ಬಿಸಿದ. ನೆರೆದವರೆಲ್ಲರ ಕಡೆ ತಿರುಗಿ, ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗದೆ, ಇಡೀ ಗಲ್ಲಿಗೆ ಕೇಳುವ ಹಾಗೆ ಹೇಳಿದ:

"ನಾನು ಮರ್ತೆ ಕಣ್ರೋ. ನನ್ನ ಮಗಳು ಮರೀಲಿಲ್ಲ!"