ಉಗುರುಬೆಚ್ಚಗಿನ ನೀರು

ತಂಬಿಗೆಯ ನೀರನ್ನು ಒಲೆಯ ಮೇಲಿಟ್ಟು, ಚಿಟಿಕೆ ಉಪ್ಪು ಹಾಕಿ, ಕುದಿಯಲು ಬಿಡದೆ ಬೆರಳ ತುದಿ ಅದ್ದಿ ನೋಡಿ ಇಳಿಸುವುದು ಈಗ ನನ್ನ ಬೆಳಗಿನ ಮೊದಲ ಕೆಲಸ. ಆ ಹದಕ್ಕೆ ನಮ್ಮವರು ಎಷ್ಟು ಚಂದದ ಹೆಸರಿಟ್ಟಿದ್ದಾರೆ ನೋಡಿ, ಉಗುರುಬೆಚ್ಚಗೆ ಎಂದು. ಕತ್ತರಿಸಿದರೂ ನೋವು ತಿಳಿಯದ ಉಗುರಿಗೆ ಬಿಸಿ ಅಳೆಯುವ ಕೆಲಸ ಕೊಟ್ಟವರಾರೋ, ಶಿವನೇ ಬಲ್ಲ.

ಉಗುರಿನಿಂದ ಇನ್ನೂ ಏನೇನೋ ಅಳೆಯಬಹುದೆಂದು ತಿಳಿದದ್ದು ಹೋದ ವರ್ಷ, ನಮ್ಮ ಹೊಳಲ್ಕೆರೆಗೆ ಬೆಂಗಳೂರಿನ ಡಾಕ್ಟರಮ್ಮ ಒಬ್ಬರು ಬಂದಾಗ. ನಾವು ಉಂಡ ಅನ್ನ, ಕುಡಿದ ನೀರಿನಲ್ಲಿರುವ ತಾಮ್ರ, ಸತುವಿನಂಥ ಲೋಹಗಳು ಕಣ್ಣಿಗೆ ಕಾಣದಷ್ಟು ಉಗುರಿನಲ್ಲಿ ಉಳಿಯುತ್ತವಂತೆ. ಕ್ಯಾನ್ಸರ್ ಬರುವ ಸಂಭವ ಹೆಚ್ಚಿರುವವರಲ್ಲಿ ಅವುಗಳ ಪ್ರಮಾಣ ಬೇರೆಯಾಗಿರುತ್ತದೆಯೇ ಎಂದು ನೋಡಬೇಕಂತೆ. "ಇನ್ನೂ ಹುಡುಕ್ತಾ ಇದ್ದೀವಮ್ಮ, ಹೀಗೇ ಅಂತ ಹೇಳೋಕಾಗಲ್ಲ" ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಹೊಗೆಸೊಪ್ಪು ಹಾಕುವವರ ಉಗುರು ಮುಖ್ಯವಾಗಿ ಬೇಕು ಎಂದಾಗ ನನ್ನ ಕಣ್ಣು ಅತ್ತೆಯ ಕಡೆ ಹೊರಳಿತು. ಬಿ.ದುರ್ಗದ ಹೊಲದಲ್ಲಿ ಕಳೆ ಕೀಳುತ್ತಿದ್ದ ಕಾಲದಿಂದಲೂ ಅವರ ಎಡಗೆನ್ನೆಯಲ್ಲಿ ಹೊಗೆಸೊಪ್ಪಿಗೆ ಕಾಯಂ ಜಾಗ. ಈಚೆಗೆ ಖಾರ ಬಿಟ್ಟಿದ್ದರು, ಮುದ್ದೆಯನ್ನು ಬಲಗಡೆಯಿಂದಲೇ ನುಂಗುತ್ತಿದ್ದರು. ಬಾಯಿ ತೋರಿಸಿ ಎಂದರೆ ಸೆರಗು ಅಡ್ಡ ಬರುತ್ತಿತ್ತು. ಒಳಗೆ ಏನಿದೆಯೋ ಎಂಬ ಭಯದಲ್ಲೇ ನಾನು ದಿನ ದೂಡುತ್ತಿದ್ದೆ.

ಉಗುರೂ ಸುಲಭಕ್ಕೆ ಸಿಗಲಿಲ್ಲ. "ಸೋಮವಾರ ಉಗುರು ತೆಗೆದ್ರೆ ಶಿವ ಮೆಚ್ತಾನೇನೇ?" ಎಂದರು ಅತ್ತೆ. ಬುಧವಾರ ಕೇಳಿದರೆ, "ಯಾರ ಕೈಗಾದ್ರೂ ಸಿಕ್ಕಿ ಮಾಟ ಮಾಡಿದ್ರೆ?"

ಅದಕ್ಕೊಂದು ಉಪಾಯ ಮಾಡಿದೆ. ಬ್ಲೇಡಿನಲ್ಲಿ ತುದಿಯಷ್ಟೇ ತೆಗೆದ ಉಗುರುಗಳನ್ನು ಕಾಗದದಲ್ಲಿಟ್ಟು, ಮೇಲೆ ವಿಭೂತಿ ಉದುರಿಸಿ, ಶಿವನ ಕಾವಲಿನಲ್ಲಿ ಮಡಿಚಿ ಕೊಟ್ಟೆ. ಅತ್ತೆಗೆ ಸಮಾಧಾನವಾಯಿತು.

ಮರುದಿನವೇ ಡಾಕ್ಟರಮ್ಮ ಪೊಟ್ಟಣ ಹಿಡಿದು ಬಾಗಿಲಿಗೆ ಬಂದರು. "ಏನಮ್ಮಾ ಇದು, ಬೂದಿ ಹಾಕಿದೀರಲ್ಲ! ಇನ್ನು ಉಗುರಲ್ಲಿರೋದು ಯಾವುದು, ಬೂದಿಯಲ್ಲಿರೋದು ಯಾವುದು, ಹೇಗೆ ತಿಳೀಬೇಕು?"

"ಬೂದಿ ಅನ್ಬ್ಯಾಡ ತಾಯಿ, ವಿಭೂತಿ ಅನ್ನು" ಎಂದರು ಅತ್ತೆ, ಒಳಗಿನಿಂದಲೇ.

ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಡಾಕ್ಟರಮ್ಮ ನಕ್ಕು, ಈ ಸಲ ನಾನೇ ತೆಗೆಯುತ್ತೇನೆಂದು ಅತ್ತೆಯ ಕೈಗಳನ್ನು ತೊಳೆದು ಒರೆಸಿ, ಎರಡನ್ನೂ ತಮ್ಮ ಮಡಿಲಲ್ಲಿ ಹಿಡಿದು ಕೂತರು.

"ನೋಡ್ಲೇ, ಈ ವಯಸ್ನಾಗೆ ನನ್ನ ಮದುಮಗಳು ಮಾಡಿ ಕೂರಿಸ್ಯಾಳೆ!" ಎಂದು ಅತ್ತೆ ಜೋರಾಗಿ ನಕ್ಕುಬಿಟ್ಟರು. ಸೆರಗು ಎಳೆದುಕೊಳ್ಳಲು ಕೈಗೆ ಬಿಡುವಿರಲಿಲ್ಲ. ತೆರೆದ ಬಾಯಿಯೊಳಗೆ, ಎಡಗೆನ್ನೆಯಲ್ಲಿ, ಬಿಳಿಯ ಮಚ್ಚೆಯೂ ಅದರ ನಡುವೆ ಕೆಂಪು ಹುಣ್ಣೂ ಕಂಡವು. ಡಾಕ್ಟರಮ್ಮನ ನಗು ಅಲ್ಲಿಗೇ ನಿಂತಿತು. ಹಿಡಿದ ಕೈಗಳನ್ನು ಮಾತ್ರ ಬಿಡಲಿಲ್ಲ. "ಅಜ್ಜಿ, ಇದನ್ನ ಈ ವಾರವೇ ತೋರಿಸಬೇಕು" ಎಂದರು, ಮೆಲ್ಲಗೆ.

ಮೊದಲು ದುರ್ಗದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಬೆಂಗಳೂರು. ಹುಣ್ಣು ಕ್ಯಾನ್ಸರೇ ಆಗಿತ್ತು, ಆದರೆ ಬೇರು ಬಿಡುವ ಮೊದಲೇ ಕತ್ತರಿಸಿ ತೆಗೆದರು. ಆ ಉಗುರುಗಳು ಏನು ಹೇಳಿದವೋ ನನಗೆ ಇಂದಿಗೂ ತಿಳಿಯದು. ನಾನು ಎಣಿಸಿಟ್ಟುಕೊಂಡಿರುವ ಶಿವನ ಕೃಪೆಗಳಲ್ಲಿ ನನ್ನದೇ ಒಂದು ಪೆದ್ದುತನವೂ ಸೇರಿದೆ, ಅಷ್ಟೇ ಬಲ್ಲೆ.

ತಂಬಿಗೆ ಕೊಟ್ಟಾಗ ಅತ್ತೆ ದಿನವೂ ಕೇಳುತ್ತಾರೆ: "ಸುಡ್ತೈತೇನೇ?"

"ಇಲ್ಲ ಅತ್ತೆ, ಉಗುರುಬೆಚ್ಚಗೈತೆ."

ಮುಕ್ಕಳಿಸಿ ಉಗುಳಿ, ಬೆಳಕಿನ ಕಡೆ ತಿರುಗಿ, ಕೇಳುವ ಮೊದಲೇ ನನಗೆ ಬಾಯಿ ತೆರೆದು ತೋರಿಸುತ್ತಾರೆ.