ಕೆಲಸದವಳ ಕೋಣೆ

ಎಪ್ಪತ್ತರ ದಶಕದ ನಡುವಿನಲ್ಲಿ ನಾವು ಮ್ಯಾನ್‌ಹಟನ್‌ನ ಹನ್ನೊಂದನೇ ಮಹಡಿಯ ನಮ್ಮ ಮನೆಯನ್ನು ಮಾರಲು ಒದ್ದಾಡುತ್ತಿದ್ದೆವು. ಎರಡನೇ ಮಹಾಯುದ್ಧಕ್ಕೂ ಮೊದಲು ಕಟ್ಟಿದ ಕಟ್ಟಡ. ದಪ್ಪ ಗೋಡೆ, ಎತ್ತರದ ಸೂರು, ಹಿತ್ತಾಳೆ ಹಿಡಿಕೆಯ ಬಾಗಿಲುಗಳು. ಕೊಂಡ ಹೊಸದರಲ್ಲಿ ಯಜಮಾನರು ಆಸೆಪಟ್ಟು ಒಂದು ಗೋಡೆ ಒಡೆಸಿ ಹಾಲ್ ದೊಡ್ಡದು ಮಾಡಿಸಿದ್ದರು, ಅಡುಗೆಮನೆಗೆ ಹಸಿರು ಬಣ್ಣದ ಫ್ರಿಜ್ಜು, ಸ್ಟೌ ತರಿಸಿದ್ದರು. ಪೇಂಟಿನವರು ಕಿಟಕಿಯ ಸಂದಿಗಳಿಗೂ ಬಣ್ಣ ಬಳಿದು ಹೋದದ್ದರಿಂದ ಒಂದು ಕಿಟಕಿಯೂ ಮತ್ತೆ ಸರಿಯಾಗಿ ತೆರೆಯಲಿಲ್ಲ.

ಅಷ್ಟರಲ್ಲಿ ಯಜಮಾನರಿಗೆ ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಕೆಲಸ ಸಿಕ್ಕಿತು. ಊರು ಕೆಟ್ಟುಹೋಯಿತು ಎಂದು ಎಲ್ಲರೂ ಮಾರಿ ಹೊರಡುತ್ತಿದ್ದ ಕಾಲ, ಕೊಳ್ಳುವವರೇ ಇಲ್ಲ. ಮಾರಿಸಿಕೊಡಲು ಬಂದ ಏಜೆಂಟ್ ಹೆಂಗಸು ಮೊದಲ ದಿನವೇ ಅಡುಗೆಮನೆಯಲ್ಲಿ ನಿಂತು ಗಾಳಿ ಮೂಸಿದಳು.

"ಭಾನುವಾರ ಮಧ್ಯಾಹ್ನ ಮನೆ ತೋರಿಸ್ತೀನಿ. ಶುಕ್ರವಾರದಿಂದ ಈ ವಾಸನೆಯ ಅಡುಗೆ ಬೇಡ. ಆ ಹೊತ್ತಿಗೆ ನೀವು ಯಾರೂ ಮನೇಲಿರೋದೂ ಬೇಡ."

ಆಮೇಲೆ ಪ್ರತಿ ವಾರವೂ ಅದೇ. ಶುಕ್ರವಾರ ಒಗ್ಗರಣೆ ನಿಲ್ಲುತ್ತಿತ್ತು. ಭಾನುವಾರ ಬೆಳಿಗ್ಗೆ ದೇವರನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಉಪ್ಪಿನಕಾಯಿ ಜಾಡಿ ಮಂಚದ ಕೆಳಗೆ ತಳ್ಳಿ, ಧಾರವಾಡದಿಂದ ಬಂದಿದ್ದ ಅತ್ತೆಯನ್ನು ಕರೆದುಕೊಂಡು ಹೊರಬೀಳುತ್ತಿದ್ದೆ. ಯಜಮಾನರಿಗೆ ಹೆಚ್ಚಾಗಿ ಡ್ಯೂಟಿ. ಸೀರೆಯ ಮೇಲೆ ಮಗನ ಹಳೇ ಕೋಟು ತೊಟ್ಟ ಅತ್ತೆ, ನಾನು, ಇಬ್ಬರೂ ಪಾರ್ಕಿನ ಬೆಂಚಿನ ಮೇಲೆ ಕೂತು ನಾಲ್ಕು ಗಂಟೆಯಾಗುವುದನ್ನು ಕಾಯುತ್ತಿದ್ದೆವು. ನಮ್ಮದೇ ಮನೆಯ ಬೀಗದ ಕೈ ಚೀಲದಲ್ಲೇ ಇರುತ್ತಿತ್ತು, ಒಳಗೆ ಹೋಗುವಂತಿರಲಿಲ್ಲ. ಹೋದ ಮೇಲೂ, ಯಾವುದನ್ನು ಮುಟ್ಟಿದರೆ ಕಲೆಯಾಗುತ್ತದೋ ಎಂಬ ಭಯ.

ಒಂದು ಭಾನುವಾರ ವಿಪರೀತ ಹಿಮ. ಅತ್ತೆಗೆ ಜ್ವರ. ಏಜೆಂಟ್ ಹೆಂಗಸಿಗೆ ಫೋನ್ ಮಾಡಿ ಇವತ್ತು ಬೇಡ ಎಂದೆ.

"ಅವರು ಷಿಕಾಗೋದಿಂದ ಬಂದಿದ್ದಾರೆ," ಎಂದಳು. "ಹಿಂದಿನ ಸಣ್ಣ ಕೋಣೆಯಲ್ಲಿ ಸದ್ದಿಲ್ಲದೆ ಇರಿ. ಬಾಗಿಲು ನಾನು ತೆಗೆಯೋದಿಲ್ಲ."

ಅಡುಗೆಮನೆಯ ಹಿಂದಿನ ಆ ಕೋಣೆಯನ್ನು ಕಟ್ಟಿದವರು ಮನೆಗೆಲಸದವಳಿಗೆಂದೇ ಕಟ್ಟಿದ್ದರು. ಒಂದು ಮಂಚ ಹಿಡಿಸುವಷ್ಟು ಜಾಗ, ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಕಿಟಕಿ. ಅತ್ತೆ ಮಲಗಿದ್ದರು, ನಾನು ಒದ್ದೆ ಬಟ್ಟೆ ಹಿಡಿದು ಕಾಲ ಬಳಿ ಕೂತಿದ್ದೆ. ಹಾಲಿನಲ್ಲಿ ಹೆಜ್ಜೆ ಸದ್ದು, ಗಂಡಸೊಬ್ಬನ ನಗು, ನನ್ನ ಬೀರುಗಳು ತೆರೆದು ಮುಚ್ಚುವ ಸದ್ದು. ಅತ್ತೆಗೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡರು.

ಬಾಗಿಲು ತೆರೆಯಿತು. ತೆರೆದದ್ದು ಕೊಳ್ಳಲು ಬಂದ ಹೆಂಗಸು. ನನ್ನನ್ನೂ ನನ್ನ ಕೈಯಲ್ಲಿದ್ದ ಬಟ್ಟೆಯನ್ನೂ ನೋಡಿ ವಿಶ್ವಾಸದಿಂದ ನಕ್ಕಳು.

"ಇಲ್ಲಿ ಎಷ್ಟು ವರ್ಷದಿಂದ ಕೆಲಸಕ್ಕಿದ್ದೀಯ?"

ಅವಳ ಹಿಂದೆ ನಿಂತಿದ್ದ ಏಜೆಂಟ್ ನನ್ನನ್ನೇ ನೋಡಿದಳು.

"ನಾಲ್ಕು ವರ್ಷ," ಎಂದುಬಿಟ್ಟೆ.

"ಒಳ್ಳೇ ಜನಾನಾ?"

"ಹೌದು."

ಅವರು ಹೋದ ಮೇಲೆ ಇಂಗ್ಲಿಷ್ ಬಾರದ ಅತ್ತೆ ಕೇಳಿದರು, "ಏನಂದ್ಲು ಆಕಿ?"

"ಮನಿ ಛಂದ ಅದ ಅಂದ್ಲು."

"ಛಂದ ಅದ ಅಂದ್ರ ನಿನ್ನ ಮಾರಿ ಯಾಕ ಹಿಂಗ ಬಾಡೇದ?"

ಹೇಳಿದೆ. ಅತ್ತೆ ಆಕೆಯನ್ನು ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆ ಕಡೆ ತಿರುಗಿದರು. "ಆಕಿಗೆ ಗೊತ್ತಿರಲಿಲ್ಲ, ಕೇಳಿದ್ಲು. ನಿನಗ ಗೊತ್ತಿತ್ತಲ್ಲ?" ಎಂದರು.

ಸಂಜೆ ಯಜಮಾನರು ಬಂದಾಗ ಅವರ ಮುಖದಲ್ಲಿ ತಿಂಗಳುಗಟ್ಟಲೆ ಕಾಣದ ಗೆಲುವು. ಏಜೆಂಟ್ ಆಸ್ಪತ್ರೆಗೇ ಫೋನ್ ಮಾಡಿದ್ದಳಂತೆ. "ನಾಳೆ ಮತ್ತೊಮ್ಮೆ ನೋಡ್ಲಿಕ್ಕೆ ಬರ್ತಾರಂತ. ಭಾಳ ಹಿಡಿಸೇದ." ನಾನು ನಡೆದದ್ದು ಹೇಳಿದೆ. "ಹೋಗ್ಲಿ ಬಿಡು," ಎಂದರು, "ತೊಗೊಂಡ್ರ ಸಾಕು. ನೀ ಏನೂ ಮಾತಾಡಬ್ಯಾಡ."

ಮರುದಿನ ಬೆಲ್ ಆದಾಗ ನಾನೇ ಬಾಗಿಲು ತೆಗೆದೆ. ಷಿಕಾಗೋದ ಗಂಡ ಹೆಂಡತಿ. ಆಕೆ ಗುರುತು ಹಿಡಿದು ನಕ್ಕಳು.

"ನಿನ್ನೆ ನಾನು ಸುಳ್ಳು ಹೇಳಿದೆ," ಎಂದೆ. "ಇದು ನನ್ನ ಮನೆ. ಒಳಗೆ ಮಲಗಿರೋರು ನಮ್ಮ ಅತ್ತೆ. ಬನ್ನಿ, ಕೂತ್ಕೊಳ್ಳಿ."

ಆಕೆಯ ಕುತ್ತಿಗೆಯವರೆಗೂ ಕೆಂಪೇರಿತು. ಎರಡು ಮೂರು ಸಲ ಸಾರಿ ಎಂದಳು. ಕೂರಲಿಲ್ಲ. ಗಂಡ ಹೆಂಡತಿ ಹಾಲಿನಲ್ಲಿ ಒಂದು ಸುತ್ತು ಹಾಕಿ, ಯಾವುದನ್ನೂ ಸರಿಯಾಗಿ ನೋಡದೆ ಹೊರಟುಹೋದರು. ಬೇಡ ಎಂದು ಅದೇ ದಿನ ಸಂಜೆ ತಿಳಿಯಿತು.

ನನ್ನ ಮಾತಿನಿಂದಲೇ ಬಿಟ್ಟರೋ, ಬೇರೆ ಮನೆ ಸಿಕ್ಕಿತೋ, ಗೊತ್ತಿಲ್ಲ. ಆದರೆ ಮನೆ ಇನ್ನೂ ಎರಡು ವರ್ಷ ಮಾರಾಟವಾಗಲಿಲ್ಲ. ಯಜಮಾನರು ಪ್ರತಿದಿನ ಬೆಳಕು ಹರಿಯುವ ಮುಂಚೆ ಎದ್ದು ಸೇತುವೆ ದಾಟಿ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಬೂಟು ಹಾಕಿಕೊಳ್ಳುವಾಗ ಒಮ್ಮೆ ನನ್ನ ಕಡೆ ನೋಡುತ್ತಿದ್ದರು, ಅಷ್ಟೇ. ನಿನ್ನಿಂದಲೇ ಹೀಗಾಯಿತು ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.